ಮುಚ್ಚಿದ ಕಣ್ಣುಗಳ ನರ್ತನ

ಚಿತ್ರ ಬರೆಯಬಯಸುವವನು ಮೊದಲು ನೃತ್ಯವನ್ನು ಅರಿತಿರಬೇಕೆಂಬ ವಿಚಾರ ನಮ್ಮ ಪ್ರಾಚೀನ ಶಾಸ್ತ್ರದಲ್ಲಿದೆ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ವಜ್ರನೆಂಬ ಅರಸನು ಮಾರ್ಕಂಡೇಯ ಮುನಿಯ ಬಳಿಗೆ ಬಂದು, ಪ್ರತಿಮೆಗಳನ್ನು ನಿರ್ಮಿಸುವ ವಿಧಾನವನ್ನು ತಿಳಿಸಿಕೊಡಬೇಕೆಂದು ಬೇಡುತ್ತಾನೆ. ಮುನಿಯು ಒಡನೆಯೇ ಉತ್ತರ ಕೊಡುವುದಿಲ್ಲ. ಪ್ರತಿಮೆಯನ್ನು ಅರಿಯಲು ಚಿತ್ರ ತಿಳಿದಿರಬೇಕು, ಚಿತ್ರವನ್ನು ಅರಿಯಲು ನೃತ್ಯ ತಿಳಿದಿರಬೇಕು, ನೃತ್ಯಕ್ಕೆ ವಾದ್ಯವೂ ವಾದ್ಯಕ್ಕೆ ಗೀತವೂ ಬೇಕು ಎಂದು ಮೆಟ್ಟಿಲು ಮೆಟ್ಟಿಲಾಗಿ ಅರಸನನ್ನು ಹಿಂದಕ್ಕೆ ಕರೆದೊಯ್ಯುತ್ತಾನೆ. ಚಿತ್ರವೂ ನೃತ್ಯವೂ ಲೋಕವನ್ನು ಅನುಕರಿಸುವಂಥವು. ಒಂದರಲ್ಲಿ ಹೇಳಿದ ಅಂಗ, ಉಪಾಂಗ, ದೃಷ್ಟಿ, ಭಾವಗಳು ಇನ್ನೊಂದಕ್ಕೂ ಸಲ್ಲುತ್ತವೆ ಎಂಬುದು ಆ ಶಾಸ್ತ್ರಕಾರನ ನಿಲುವು.

ಈ ಮಾತು ಇಂದಿಗೂ ಹಳತಾಗಿಲ್ಲ. ಆದರೆ ನಮ್ಮ ಕಾಲ ಇದಕ್ಕೆ ಇನ್ನೊಂದು ಪ್ರಶ್ನೆಯನ್ನು ಸೇರಿಸಿದೆ. ಚಿತ್ರಕಾರನು ನೃತ್ಯವನ್ನು ಅರಿತಿರಬೇಕು, ನಿಜ. ಆದರೆ ಯಾರ ನೃತ್ಯವನ್ನು? ಯಾವ ಸ್ಥಾನದಲ್ಲಿ ನಿಂತು? ನರ್ತಿಸುವ ದೇಹ ಬರಿಯ ರೇಖೆಗಳ ಸಮೂಹವಲ್ಲ. ಅದಕ್ಕೆ ಒಂದು ಬಣ್ಣವಿದೆ, ಕುಲವಿದೆ, ಕಸುಬಿದೆ. ಲೋಕವು ಅದಕ್ಕೆ ಇಟ್ಟ ಹೆಸರೊಂದಿದೆ. ಆ ದೇಹ ಕುಣಿಯತೊಡಗಿದಾಗ ಆ ಹೆಸರು ಉಳಿಯುತ್ತದೆಯೇ, ಕಳಚಿ ಬೀಳುತ್ತದೆಯೇ? ಚಿತ್ರಕಾರನು ಹಲಗೆಯ ಮೇಲೆ ಇಳಿಸುವುದು ಲೋಕವಿಟ್ಟ ಹೆಸರನ್ನೋ, ನರ್ತಕನು ಕುಣಿತದಲ್ಲಿ ತಾನಾಗಿ ಪಡೆದುಕೊಂಡ ತನ್ನತನವನ್ನೋ? ಆಧುನಿಕ ಆಕೃತಿಪ್ರಧಾನ ಚಿತ್ರಕಲೆಯಲ್ಲಿ ನೃತ್ಯವನ್ನು ವಿಷಯವಾಗಿಸಿಕೊಂಡ ಕಲಾವಿದರನ್ನು ಅಳೆಯಲು ಇದಕ್ಕಿಂತ ಸರಿಯಾದ ಮಾನದಂಡ ನಮಗೆ ತೋರುವುದಿಲ್ಲ. ಸಹೃದಯ ಓದುಗರೊಡನೆ ಈ ಪ್ರಶ್ನೆಯನ್ನು ಒಬ್ಬ ಅಮೆರಿಕನ್ ಚಿತ್ರಕಾರನ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ವಿಚಾರಿಸಬಯಸುತ್ತೇವೆ.

ಅದಕ್ಕೆ ಮುನ್ನ ಅವನಿಗಿಂತ ನೂರು ವರ್ಷ ಹಿಂದಿನ ಒಬ್ಬನನ್ನು ನೆನೆಯಬೇಕು. ನೃತ್ಯದ ಚಿತ್ರ ಎಂದೊಡನೆ ಪಾಶ್ಚಾತ್ಯ ಕಲೆಯ ಪರಿಚಯವುಳ್ಳವರಿಗೆ ಮೊದಲು ಹೊಳೆಯುವ ಹೆಸರು ಫ್ರಾನ್ಸಿನ ಎಡ್ಗರ್ ಡೆಗಾ. ಪ್ಯಾರಿಸ್ಸಿನ ಒಪೆರಾ ರಂಗಮಂದಿರದ ಬ್ಯಾಲೆ ನರ್ತಕಿಯರನ್ನು ಅವನು ದಶಕಗಳ ಕಾಲ ಬಿಡದೆ ಚಿತ್ರಿಸಿದ. ಅವನ ಕಣ್ಣಿನ ತೀಕ್ಷ್ಣತೆಗೆ ಸಮನಾದುದು ವಿರಳ. ನರ್ತಕಿಯು ಬೆನ್ನು ತುರಿಸಿಕೊಳ್ಳುವುದನ್ನು, ಆಕಳಿಸುವುದನ್ನು, ಪಾದರಕ್ಷೆಯ ದಾರ ಬಿಗಿಯುವುದನ್ನು ಕೂಡ ಅವನು ಕಂಡಿದ್ದಾನೆ. ಆದರೆ ಅವನು ಕಂಡದ್ದು ಹೊರಗಿನಿಂದ. ಸುಮಾರು 1876ರಿಂದ 1878ರ ನಡುವೆ ಬರೆದ ‘ಎತ್ವಾಲ್’ ಎಂಬ ಚಿತ್ರದಲ್ಲಿ ರಂಗದ ಮೇಲೆ ಒಬ್ಬ ನರ್ತಕಿ ತೋಳು ಚಾಚಿ ನಿಂತಿದ್ದಾಳೆ. ಹಿಂದೆ ಪರದೆಯ ಮರೆಯಲ್ಲಿ ಕಪ್ಪು ಉಡುಪಿನ ಒಬ್ಬ ಗಂಡಸು ಕಾದು ನಿಂತಿದ್ದಾನೆ. ಅವನ ಮುಖ ಕಾಣಿಸದು. ಹಣ ತೆತ್ತು ರಂಗದ ಹಿಂಬದಿಗೆ ಪ್ರವೇಶ ಪಡೆಯುತ್ತಿದ್ದ ಸಿರಿವಂತರ ಪ್ರತಿನಿಧಿ ಆತ. ಬಡ ಮನೆಗಳಿಂದ ಬಂದ ಆ ಹುಡುಗಿಯರ ಮೇಲೆ ಅಂಥವರಿಗಿದ್ದ ಅಧಿಕಾರ ಅಂದಿನ ಪ್ಯಾರಿಸ್ಸಿಗೆ ಗುಟ್ಟಾಗಿರಲಿಲ್ಲ.

ಡೆಗಾ ಈ ಸತ್ಯವನ್ನು ಮರೆಮಾಚಲಿಲ್ಲ ಎಂಬುದು ಅವನ ಹಿರಿಮೆ. ಅವನು ಅದನ್ನು ದಾಟಲೂ ಇಲ್ಲ. 1881ರಲ್ಲಿ ಅವನು ಹದಿನಾಲ್ಕು ವಯಸ್ಸಿನ ನರ್ತಕಿಯ ಮೇಣದ ಪ್ರತಿಮೆಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶಿಸಿದಾಗ, ವಿಮರ್ಶಕರಲ್ಲಿ ಕೆಲವರು ಆ ಬಾಲೆಯ ಮುಖದಲ್ಲಿ ಕೋತಿಯನ್ನು ಕಂಡರು, ಅಪರಾಧದ ಲಕ್ಷಣಗಳನ್ನು ಕಂಡರು. ಅದಕ್ಕೆ ಮಾದರಿಯಾಗಿ ನಿಂತವಳು ಮೇರಿ ವಾನ್ ಗೋಥೆಮ್ ಎಂಬ, ಅಗಸಗಿತ್ತಿಯೊಬ್ಬಳ ಮಗಳು. ಆಕೆ ಕುಣಿಯಲು ಕಲಿತದ್ದಳು. ಲೋಕ ಆಕೆಯ ಕುಲವನ್ನು ಓದಿತು. ನೋಡುವವನು ನರ್ತಕಿಯಲ್ಲಿ ತನಗೆ ಮೊದಲೇ ಗೊತ್ತಿದ್ದುದನ್ನೇ ಮತ್ತೆ ಕಾಣುತ್ತಾನೆ ಎಂಬುದಕ್ಕೆ ಇದೊಂದು ನಿದರ್ಶನ.

ಈಗ ನೂರು ವರ್ಷ ಮುಂದಕ್ಕೆ, ಸಾಗರದಾಚೆಗೆ ಬರೋಣ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡರ್ಹಮ್ ನಗರದಲ್ಲಿ 1938ರಲ್ಲಿ ಅರ್ನಿ ಬಾರ್ನ್ಸ್ ಜನಿಸಿದ. ಕಪ್ಪು ಜನಾಂಗಕ್ಕೆ ಸೇರಿದವನು. ತಂದೆ ತಂಬಾಕಿನ ಕಂಪನಿಯೊಂದರಲ್ಲಿ ಗುಮಾಸ್ತ. ತಾಯಿ ಒಬ್ಬ ಶ್ರೀಮಂತ ವಕೀಲನ ಮನೆಯ ಕೆಲಸದವರ ಮೇಲ್ವಿಚಾರಕಿ. ತಾಯಿಯೊಡನೆ ಆ ಮನೆಗೆ ಹೋದಾಗ ಹುಡುಗನು ಅಲ್ಲಿಯ ಗ್ರಂಥಭಂಡಾರದಲ್ಲಿ ಕಲೆಯ ಪುಸ್ತಕಗಳನ್ನು ತಿರುವಿ ಹಾಕುತ್ತಿದ್ದನಂತೆ. ಆ ಕಾಲದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಶಾಲೆ ಬೇರೆ, ಊಟದ ಮನೆ ಬೇರೆ, ಬಸ್ಸಿನಲ್ಲಿ ಕೂಡುವ ಜಾಗ ಬೇರೆ. ಕಾನೂನೇ ಹಾಗಿತ್ತು. ಸಾರ್ವಜನಿಕ ಸ್ಥಳಗಳಲ್ಲಿ ಈ ಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯಿದೆ ಜಾರಿಗೆ ಬಂದದ್ದು 1964ರಲ್ಲಿ.

ಬಾರ್ನ್ಸ್ ತನ್ನ ಜೀವನದ ಒಂದು ಪ್ರಸಂಗವನ್ನು ಹೇಳಿಕೊಂಡಿದ್ದಾನೆ. 1956ರಲ್ಲಿ, ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ಸಹಪಾಠಿಗಳೊಡನೆ ತನ್ನ ರಾಜ್ಯದ ಕಲಾ ಸಂಗ್ರಹಾಲಯಕ್ಕೆ ಹೋದ. ಕಪ್ಪು ಜನಾಂಗದ ಕಲಾವಿದರ ಚಿತ್ರಗಳು ಎಲ್ಲಿವೆ ಎಂದು ಅಲ್ಲಿ ವಿವರಣೆ ಕೊಡುತ್ತಿದ್ದವರನ್ನು ಕೇಳಿದ. ನಿಮ್ಮ ಜನ ತಮ್ಮನ್ನು ಆ ಬಗೆಯಲ್ಲಿ ವ್ಯಕ್ತಪಡಿಸಿಕೊಳ್ಳುವವರಲ್ಲ ಎಂಬರ್ಥದ ಉತ್ತರ ಬಂತು. ಓದುಗರು ಈ ಉತ್ತರವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕು. ಇದರಲ್ಲಿ ಬೈಗುಳವಿಲ್ಲ, ಕೋಪವಿಲ್ಲ. ಲೋಕಸಿದ್ಧವಾದ ಸಂಗತಿಯೊಂದನ್ನು ತಿಳಿಸುವ ಧಾಟಿಯಿದೆ. ಹಾಡುವುದು, ಕುಣಿಯುವುದು, ಓಡುವುದು ನಿಮ್ಮದು; ನೋಡುವುದು, ಚಿತ್ರಿಸುವುದು, ತೂಗಿ ಬೆಲೆ ಕಟ್ಟುವುದು ನಮ್ಮದು ಎಂಬ ಶ್ರಮವಿಭಜನೆ ಅದರೊಳಗೆ ಅಡಗಿದೆ. ದೇಹವೊಂದು ಪಾಲು, ಕಣ್ಣೊಂದು ಪಾಲು. ಈ ಪಾಲುಪಟ್ಟಿಯನ್ನು ಹರಿದು ಹಾಕದೆ ಬಾರ್ನ್ಸ್ ಚಿತ್ರಕಾರನಾಗುವಂತಿರಲಿಲ್ಲ.

ಅವನು ಮೊದಲು ಹೆಸರು ಮಾಡಿದ್ದು ಕೂಡ ದೇಹಬಲದಿಂದಲೇ. ಮೈಗೆ ಮೈ ಢಿಕ್ಕಿ ಹೊಡೆದು ಆಡುವ ಅಮೆರಿಕದ ಫುಟ್‌ಬಾಲಿನಲ್ಲಿ 1960ರಿಂದ 1964ರವರೆಗೆ ವೃತ್ತಿಪರ ಆಟಗಾರನಾಗಿ ಸ್ಯಾನ್ ಡಿಯಾಗೋ, ಡೆನ್ವರ್ ಮೊದಲಾದ ತಂಡಗಳಲ್ಲಿ ಆಡಿದ. ತಂಡದ ಸಭೆಗಳ ನಡುವೆಯೂ ಅವನ ಕೈ ಚಿತ್ರ ಗೀಚುತ್ತಿತ್ತೆಂದೂ ಅದಕ್ಕಾಗಿ ದಂಡ ತೆತ್ತನೆಂದೂ ಹೇಳುತ್ತಾರೆ. 1965ರಲ್ಲಿ ನ್ಯೂಯಾರ್ಕಿನ ಜೆಟ್ಸ್ ತಂಡದ ಒಡೆಯ ಸನ್ನಿ ವರ್ಬ್ಲಿನ್ ಅವನಲ್ಲಿದ್ದ ಪ್ರತಿಭೆಯನ್ನು ಗುರುತಿಸಿ, ಆಟಗಾರನಿಗೆ ಕೊಡುವ ಸಂಬಳವನ್ನು ಚಿತ್ರ ಬರೆಯುವುದಕ್ಕಾಗಿ ಕೊಟ್ಟ. 1966ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅದೇ ವರ್ಷ ತೀರಿಕೊಂಡ ತಂದೆಯ ನೆನಪಿಗಾಗಿ, ಮನೆಯ ಮುಂದಿನ ಸವೆದ ಮರದ ಬೇಲಿಯನ್ನು ಹೋಲುವ ಹಲಗೆಗಳಿಂದ ತನ್ನ ಚಿತ್ರಗಳಿಗೆ ಚೌಕಟ್ಟು ಕಟ್ಟಿಸುವ ರೂಢಿಯನ್ನು ಅವನು ಬೆಳೆಸಿಕೊಂಡ.

ಈ ವೃತ್ತಾಂತದಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಅಂಶ ಬೇರೊಂದಿದೆ. ಕಾಲೇಜಿನಲ್ಲಿ ಬಾರ್ನ್ಸ್‌ಗೆ ಕಲೆಯನ್ನು ಕಲಿಸಿದವನು ಎಡ್ ವಿಲ್ಸನ್ ಎಂಬ ಶಿಲ್ಪಿ. ಆಟದ ಬಯಲಿನಲ್ಲಿ ಮೈ ಚಲಿಸುವಾಗ ನಿನ್ನ ಅಂಗಾಂಗಗಳಿಗೆ ಏನಾಗುತ್ತದೆ, ಅದನ್ನು ಗಮನಿಸು. ಅದನ್ನೇ ಚಿತ್ರಿಸು ಎಂಬುದು ಅವನು ಶಿಷ್ಯನಿಗೆ ಕೊಟ್ಟ ಬೋಧೆಯ ಸಾರ. ನೋಡಿ ಬರೆ ಎಂದಲ್ಲ, ಆಗಿ ಬರೆ ಎಂದು! ಮಾರ್ಕಂಡೇಯ ಮುನಿಯು ವಜ್ರನಿಗೆ ಹೇಳಿದ್ದಕ್ಕೂ ಇದಕ್ಕೂ ಏನು ದೂರ? ಇಬ್ಬರೂ ಪರಸ್ಪರರ ಹೆಸರನ್ನು ಕೇಳಿದವರಲ್ಲ. ಆದರೂ ಚಿತ್ರದ ಮೂಲ ಕಣ್ಣಿನಲ್ಲಿಲ್ಲ, ಚಲಿಸುವ ಮೈಯ ಒಳ ಅರಿವಿನಲ್ಲಿದೆ ಎಂಬ ಒಂದೇ ತತ್ತ್ವಕ್ಕೆ ಇಬ್ಬರೂ ಕೈ ತೋರಿಸಿದ್ದಾರೆ.

ಬಾರ್ನ್ಸ್‌ನ ಅತ್ಯಂತ ಪ್ರಸಿದ್ಧ ಚಿತ್ರದ ಹೆಸರು ‘ದ ಶುಗರ್ ಶ್ಯಾಕ್’. ಸಕ್ಕರೆಯ ಗುಡಿಸಲು ಎಂದು ಅರ್ಥ. ಇದರ ಎರಡು ಪ್ರತಿಗಳನ್ನು ಅವನು ಬರೆದಿದ್ದಾನೆ. ಒಂದು ಅಮೆರಿಕದ ‘ಗುಡ್ ಟೈಮ್ಸ್’ ಎಂಬ ದೂರದರ್ಶನ ಧಾರಾವಾಹಿಯ ಮೂಲಕ ಮನೆಮನೆಗೆ ತಲುಪಿತು. 1976ರಲ್ಲಿ ಗಾಯಕ ಮಾರ್ವಿನ್ ಗೇ ತನ್ನ ‘ಐ ವಾಂಟ್ ಯು’ ಎಂಬ ಧ್ವನಿಮುದ್ರಿಕೆಯ ಹೊದಿಕೆಗೆ ಈ ಚಿತ್ರವನ್ನು ಬಳಸಿಕೊಂಡ. ಹೀಗೆ ಕಲಾಶಾಲೆಗಳ ಬಾಗಿಲಿಗೆ ಹೋಗದೆಯೇ ಒಂದು ಚಿತ್ರ ಲಕ್ಷಾಂತರ ಜನರ ಗೋಡೆಗಳನ್ನೂ ಮನಸ್ಸುಗಳನ್ನೂ ಸೇರಿತು.

ಚಿತ್ರದಲ್ಲಿ ಇರುವುದು ಇಷ್ಟೇ: ಒಂದು ಸಭಾಂಗಣ, ಹಳದಿ ಕಂದು ಬಣ್ಣದ ಬೆಚ್ಚನೆಯ ಬೆಳಕು, ಛಾವಣಿಯಿಂದ ಇಳಿಬಿದ್ದ ಪತಾಕೆಗಳು, ಒಂದೆಡೆ ವಾದ್ಯಗಾರರು, ಉಳಿದ ಜಾಗವೆಲ್ಲ ಕುಣಿಯುವ ಗಂಡಸರು, ಹೆಂಗಸರು. ಕೈಗಳು ಮೇಲಕ್ಕೆ ಚಾಚಿವೆ, ಬೆನ್ನುಗಳು ಬಿಲ್ಲಿನಂತೆ ಬಾಗಿವೆ. ಕಾಲು ತೋಳುಗಳನ್ನು ಸಹಜ ಪ್ರಮಾಣಕ್ಕೆ ಮೀರಿ ಉದ್ದವಾಗಿ ಎಳೆಯಲಾಗಿದೆ. ಇಟಲಿಯಲ್ಲಿ ಹದಿನಾರನೆಯ ಶತಮಾನದಲ್ಲಿ ಅಂಗಗಳನ್ನು ಹೀಗೆ ನೀಳವಾಗಿಸುವ ಪದ್ಧತಿಯೊಂದು ಇತ್ತಾದ್ದರಿಂದ ವಿಮರ್ಶಕರು ಬಾರ್ನ್ಸ್‌ನ ಶೈಲಿಯನ್ನು ಅದರ ನವರೂಪವೆಂದು ಗುರುತಿಸುತ್ತಾರೆ. ಈ ಅತಿಶಯಕ್ಕೆ ಕಾರಣ ಅಲಂಕಾರವಲ್ಲ. ಕುಣಿಯುವವನಿಗೆ ತನ್ನ ತೋಳು ಎಷ್ಟು ಉದ್ದವೆಂದು ಒಳಗಿನಿಂದ ಅನ್ನಿಸುತ್ತದೆಯೋ ಅಷ್ಟು ಉದ್ದವನ್ನು ಅವನು ಬರೆದಿದ್ದಾನೆ. ಅಳತೆಪಟ್ಟಿ ಹಿಡಿದು ನೋಡುವವನಿಗೆ ಅದು ತಪ್ಪು; ಒಮ್ಮೆಯಾದರೂ ಮೈಮರೆತು ಕುಣಿದವನಿಗೆ ಅದೇ ಸರಿ.

ಈ ಸಭಾಂಗಣ ಕಲ್ಪನೆಯದಲ್ಲ. ಡರ್ಹಮ್ ನಗರದ ಆರ್ಮರಿ ಎಂಬ ಕಟ್ಟಡದಲ್ಲಿ ಕಪ್ಪು ಜನರ ನೃತ್ಯಕೂಟಗಳು ನಡೆಯುತ್ತಿದ್ದವು. ಹುಡುಗನಾಗಿದ್ದ ಬಾರ್ನ್ಸ್ ದೊಡ್ಡವರ ಕಣ್ಣು ತಪ್ಪಿಸಿ ಒಮ್ಮೆ ಒಳಗೆ ನುಸುಳಿ ಅದನ್ನು ನೋಡಿದ. ಬಹಳ ವರ್ಷಗಳ ನಂತರ ಆ ನೆನಪೇ ಚಿತ್ರವಾಯಿತು. ಹಗಲೆಲ್ಲ ತಂಬಾಕಿನ ಕಾರ್ಖಾನೆಗಳಲ್ಲಿ, ಅನ್ಯರ ಅಡಿಗೆಮನೆಗಳಲ್ಲಿ ದುಡಿದು, ಬೀದಿಯಲ್ಲಿ ಬಿಳಿಯರಿಗೆ ದಾರಿ ಬಿಟ್ಟು ನಡೆಯಬೇಕಾಗಿದ್ದ ಜನ ರಾತ್ರಿ ಆ ಬಾಗಿಲೊಳಗೆ ಬಂದಾಗ ತಮ್ಮ ಮೈಗೆ ತಾವೇ ಒಡೆಯರಾಗುತ್ತಿದ್ದರು. ಹಗಲಿನ ಲೋಕ ಅವರಿಗೆ ಇಟ್ಟಿದ್ದ ಹೆಸರು ಹೊಸ್ತಿಲಾಚೆ ಉಳಿಯುತ್ತಿತ್ತು. ಕುಣಿತ ಅವರಿಗೆ ಬಿಡುವಿನ ವಿನೋದವಷ್ಟೇ ಆಗಿರಲಿಲ್ಲ. ಕಳೆದುಕೊಂಡದ್ದನ್ನು ಮರಳಿ ಪಡೆಯುವ ಬಗೆಯಾಗಿತ್ತು.

ಚಿತ್ರದ ಹೃದಯ ಇರುವುದು ಕಣ್ಣುಗಳಲ್ಲಿ. ಈ ನರ್ತಕರ ಕಣ್ಣುಗಳು ಮುಚ್ಚಿವೆ. ಶುಗರ್ ಶ್ಯಾಕ್ ಮಾತ್ರವಲ್ಲ, ಬಾರ್ನ್ಸ್‌ನ ಬಹುಪಾಲು ಚಿತ್ರಗಳಲ್ಲಿ ಮನುಷ್ಯರು ಕಣ್ಣು ಮುಚ್ಚಿಕೊಂಡೇ ಇದ್ದಾರೆ. ನಾವು ಒಬ್ಬರ ಮನುಷ್ಯತ್ವಕ್ಕೆ ಮತ್ತೊಬ್ಬರು ಕುರುಡರಾಗಿದ್ದೇವೆ, ಅದನ್ನು ಸೂಚಿಸಲು ಹೀಗೆ ಬರೆಯುತ್ತೇನೆ ಎಂಬುದು ಅವನೇ ಕೊಟ್ಟ ವಿವರಣೆ. ನಮ್ಮ ಚಿತ್ರಸೂತ್ರದೊಡನೆ ಇದನ್ನು ಹೋಲಿಸಿ ನೋಡಿದರೆ ಈ ನಿರ್ಧಾರದ ಧೈರ್ಯ ತಿಳಿಯುತ್ತದೆ. ಶಾಸ್ತ್ರಕಾರನು ಕಣ್ಣಿಗೆ ಐದು ಆಕಾರಗಳನ್ನು ಹೇಳಿದ್ದಾನೆ: ಬಿಲ್ಲಿನಂಥದು, ಮೀನಿನ ಹೊಟ್ಟೆಯಂಥದು, ನೈದಿಲೆಯ ಎಸಳಿನಂಥದು, ತಾವರೆಯ ಎಸಳಿನಂಥದು, ಇತ್ಯಾದಿ. ಯೋಗಿಗೆ ಒಂದು, ಪ್ರಣಯಿಗಳಿಗೆ ಒಂದು, ಅಂಜಿದವರಿಗೆ ಒಂದು. ಭಾವವೆಲ್ಲ ಕಣ್ಣಿನ ಮೂಲಕವೇ ಹೊರಹೊಮ್ಮಬೇಕೆಂಬುದು ಅಲ್ಲಿಯ ನಿಯಮ. ಅಂಥ ಸಾಧನವನ್ನು ಈ ಚಿತ್ರಕಾರ ತಾನಾಗಿಯೇ ತ್ಯಜಿಸಿದ್ದಾನೆ. ಕಣ್ಣು ಮುಚ್ಚಿದ ಮೇಲೆ ಭುಜ ಮಾತಾಡಬೇಕು, ಸೊಂಟ ಮಾತಾಡಬೇಕು, ಬೆರಳ ತುದಿ ಮಾತಾಡಬೇಕು. ಅವು ಇಲ್ಲಿ ಮಾತಾಡಿವೆ.

ಕಲಾವಿದನ ವಿವರಣೆಯನ್ನು ಗೌರವಿಸುತ್ತಲೇ ನಾವು ಅದಕ್ಕೆ ಇನ್ನೊಂದು ಅರ್ಥವನ್ನು ಸೇರಿಸಬಯಸುತ್ತೇವೆ. ಡೆಗಾನ ಚಿತ್ರದಲ್ಲಿ ನರ್ತಕಿಯು ನೋಟದ ವಸ್ತು. ಪರದೆಯ ಹಿಂದಿನ ಗಂಡಸು ಅವಳನ್ನು ನೋಡುತ್ತಾನೆ, ಎದುರಿನ ಪ್ರೇಕ್ಷಕ ನೋಡುತ್ತಾನೆ, ಚಿತ್ರಕಾರ ನೋಡುತ್ತಾನೆ, ಕೊನೆಗೆ ನಾವೂ ನೋಡುತ್ತೇವೆ. ಬಾರ್ನ್ಸ್‌ನ ನರ್ತಕರು ಯಾರಿಗೂ ತಮ್ಮನ್ನು ತೋರಿಸಿಕೊಳ್ಳುತ್ತಿಲ್ಲ. ಅವರು ನಮ್ಮನ್ನು ಮೆಚ್ಚಿಸಲು ಕುಣಿಯುವವರಲ್ಲ. ನಾವು ಬಂದಿದ್ದೇವೆ ಎಂಬುದೇ ಅವರಿಗೆ ತಿಳಿದಿಲ್ಲ. ಮುಚ್ಚಿದ ಆ ರೆಪ್ಪೆಗಳು ಒಂದು ಬಾಗಿಲಿದ್ದಂತೆ. ಆ ಬಾಗಿಲಿನಾಚೆ ನಡೆಯುತ್ತಿರುವುದು ಅವರ ಸ್ವಂತ ವ್ಯವಹಾರ. ಚಿತ್ರದ ಎದುರು ನಿಂತ ನಾವು ಅಂದು ಕಣ್ಣು ತಪ್ಪಿಸಿ ಒಳನುಸುಳಿದ ಆ ಹುಡುಗನ ಸ್ಥಾನದಲ್ಲಿದ್ದೇವೆ. ಕರೆಯದೆ ಬಂದವರಿಗೆ ತೀರ್ಪು ಕೊಡುವ ಅಧಿಕಾರವಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಗುರುತರವಾದ ಆಕ್ಷೇಪವನ್ನು ಎದುರಿಸಲೇಬೇಕು. ನಿಮ್ಮ ಜನ ಚಿತ್ರ ಬರೆಯುವವರಲ್ಲ ಎಂದ ಪೂರ್ವಗ್ರಹಕ್ಕೆ ಒಂದು ಅವಳಿ ಸೋದರನಿದ್ದಾನೆ: ನಿಮ್ಮ ಜನ ಕುಣಿಯಲಿಕ್ಕೇ ಹುಟ್ಟಿದವರು ಎಂಬುದು. ಮೊದಲನೆಯದು ನಿಂದೆಯಂತೆ ಕೇಳಿಸುತ್ತದೆ, ಎರಡನೆಯದು ಹೊಗಳಿಕೆಯಂತೆ. ಎರಡರ ಕೆಲಸವೂ ಒಂದೇ. ಲಯವನ್ನು ಒಂದು ಜನಾಂಗದ ರಕ್ತದಲ್ಲಿಟ್ಟುಬಿಟ್ಟರೆ ಅವರ ಅಭ್ಯಾಸಕ್ಕೆ, ಶ್ರಮಕ್ಕೆ, ಬುದ್ಧಿಗೆ ಬೆಲೆ ಕೊಡಬೇಕಾದ ಅಗತ್ಯ ಉಳಿಯುವುದಿಲ್ಲ. ಹಾಗಿದ್ದಲ್ಲಿ ಕುಣಿಯುವ ಕಪ್ಪು ಜನರನ್ನೇ ಇಷ್ಟು ಉತ್ಸಾಹದಿಂದ ಚಿತ್ರಿಸಿದ ಬಾರ್ನ್ಸ್, ಆ ಎರಡನೆಯ ಪೂರ್ವಗ್ರಹಕ್ಕೆ ತಾನೇ ಎಣ್ಣೆ ಹೊಯ್ದಂತಾಗಲಿಲ್ಲವೇ?

ಈ ಆಕ್ಷೇಪದಲ್ಲಿ ಹುರುಳಿದೆ. ಶುಗರ್ ಶ್ಯಾಕ್ ಚಿತ್ರದಲ್ಲಿ ಮುಖಗಳು ಬಹುಮಟ್ಟಿಗೆ ಒಂದೇ ಎರಕದವು. ಎಲ್ಲರ ಮೈಯೂ ಒಂದೇ ಶ್ರುತಿಗೆ ಬಿಗಿದ ತಂತಿಯಂತಿದೆ. ಈ ಗುಂಪಿನಲ್ಲಿ ಇವಳು ಯಾರು, ಇವನ ಮನೆಯ ಕಷ್ಟವೇನು ಎಂದು ಕೇಳಲು ಚಿತ್ರ ನಮಗೆ ಎಡೆ ಕೊಡುವುದಿಲ್ಲ. ಸಮೂಹದ ತನ್ನತನವನ್ನು ಗಳಿಸುವ ಭರದಲ್ಲಿ ಒಬ್ಬೊಬ್ಬನ ತನ್ನತನ ಕರಗಿಹೋಗಿದೆ. ಧ್ವನಿಮುದ್ರಿಕೆಯ ಹೊದಿಕೆಯಾಗಿ, ಭಿತ್ತಿಚಿತ್ರವಾಗಿ ಮರುಮುದ್ರಣಗೊಂಡಾಗ ಈ ದೋಷ ಇನ್ನಷ್ಟು ಎದ್ದು ಕಾಣುತ್ತದೆ. ಉಲ್ಲಾಸ ಉಳಿದು, ಅದರ ಹಿಂದಿನ ಹಗಲು ಅಳಿಸಿಹೋಗುತ್ತದೆ.

ಆದರೂ ಈ ಆಕ್ಷೇಪದಿಂದ ಚಿತ್ರ ಬಿದ್ದುಹೋಗುವುದಿಲ್ಲ. ಅದಕ್ಕೆ ಎರಡು ಕಾರಣಗಳನ್ನು ಕೊಡುತ್ತೇವೆ. ಮೊದಲನೆಯದು: ಬಾರ್ನ್ಸ್ ಲಯವನ್ನು ರಕ್ತದ ಕೊಡುಗೆಯಾಗಿ ಕಂಡವನಲ್ಲ, ದುಡಿಮೆಯ ಫಲವಾಗಿ ಕಂಡವನು. ಅವನ ನರ್ತಕರ ಸ್ನಾಯುಗಳನ್ನು ನೋಡಿರಿ. ಅವು ಭಾರ ಎತ್ತಿದ, ನೆಲ ಒರೆಸಿದ, ಮೂಟೆ ಹೊತ್ತ ಸ್ನಾಯುಗಳು. ಹಗಲು ಸವೆದ ಅದೇ ಮೈ ರಾತ್ರಿ ಅರಳಿದೆ. ಎರಡನೆಯದು: ಕಣ್ಣು ಮುಚ್ಚಿದವರನ್ನು ವಿನೋದದ ಸರಕನ್ನಾಗಿ ಮಾಡಿಕೊಳ್ಳುವುದು ಸುಲಭವಲ್ಲ. ವಿನೋದಕ್ಕಾಗಿ ಕುಣಿಸುವವನು ಕುಣಿಯುವವನ ನಗುಮುಖವನ್ನು ಬೇಡುತ್ತಾನೆ, ತನ್ನ ಕಡೆಗೆ ಒಂದು ನೋಟವನ್ನು ಬೇಡುತ್ತಾನೆ. ಬಾರ್ನ್ಸ್ ಅದನ್ನು ಕೊಡಲಿಲ್ಲ. 1956ರಲ್ಲಿ ಪ್ರಶ್ನೆ ಕೇಳಿ ಆ ಉತ್ತರ ಪಡೆದ ಅದೇ ಸಂಗ್ರಹಾಲಯದಲ್ಲಿ 1979ರಲ್ಲಿ ಅವನ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅವನು 2009ರಲ್ಲಿ ತೀರಿಕೊಂಡ.

ಸಮೂಹದಲ್ಲಿ ವ್ಯಕ್ತಿ ಕರಗುವ ಈ ಕೊರತೆಯನ್ನು ತುಂಬಲೆಂಬಂತೆ ನಮ್ಮ ಕಾಲದಲ್ಲಿ ಮತ್ತೊಬ್ಬ ಕಲಾವಿದೆ ಕೆಲಸ ಮಾಡುತ್ತಿದ್ದಾರೆ. ಲಂಡನ್ನಿನಲ್ಲಿ 1977ರಲ್ಲಿ, ಘಾನಾ ದೇಶದಿಂದ ಬಂದ ದಂಪತಿಗಳಿಗೆ ಜನಿಸಿದ ಲಿನೆಟ್ ಯಿಯಾಡಮ್ ಬೊವಾಕ್ಯೆ ಅವರು. 2013ರಲ್ಲಿ ಬ್ರಿಟನ್ನಿನ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಅವರ ಹೆಸರಿತ್ತು. 2020ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಸಂಗ್ರಹಾಲಯದಲ್ಲಿ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಆರಂಭವಾಯಿತು. ಅವರು ಚಿತ್ರಿಸುವ ಮನುಷ್ಯರೆಲ್ಲರೂ ಕಪ್ಪು ಜನರು. ಆದರೆ ಯಾರೂ ನಿಜವಾಗಿ ಇದ್ದವರಲ್ಲ. ಎದುರಿಗೆ ಯಾರನ್ನೂ ಕೂಡಿಸಿಕೊಳ್ಳದೆ, ನೆನಪಿನಿಂದ, ಸಂಗ್ರಹಿಸಿಟ್ಟ ಚಿತ್ರಗಳಿಂದ, ಕಲ್ಪನೆಯಿಂದ ಅವರು ಈ ವ್ಯಕ್ತಿಗಳನ್ನು ಸೃಷ್ಟಿಸುತ್ತಾರೆ. ಒಂದು ಚಿತ್ರವನ್ನು ಹಲವು ವೇಳೆ ಒಂದೇ ದಿನದಲ್ಲಿ ಮುಗಿಸುತ್ತಾರೆಂಬುದು ಪ್ರಸಿದ್ಧ. ಕಾಲವನ್ನು ಹೇಳಿಬಿಡುವ ಪಾದರಕ್ಷೆ ಮೊದಲಾದ ಗುರುತುಗಳನ್ನು ಅವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹಿನ್ನೆಲೆಯಲ್ಲಿ ಊರಿಲ್ಲ, ಮನೆಯಿಲ್ಲ. ಆಳವಾದ ಕಂದು, ಹಸಿರು ಛಾಯೆಗಳಷ್ಟೇ.

ಇವರ ಚಿತ್ರಗಳಲ್ಲಿ ನರ್ತಕರು ಮತ್ತೆ ಮತ್ತೆ ಬರುತ್ತಾರೆ. ಬಾರ್ನ್ಸ್‌ನ ನರ್ತಕರಂತೆ ಅವರು ಉಬ್ಬರದಲ್ಲಿಲ್ಲ. ಮೈ ಬಾಗಿಸಿ ಅಭ್ಯಾಸ ಮಾಡುತ್ತಾರೆ, ಸುಮ್ಮನೆ ನಿಲ್ಲುತ್ತಾರೆ, ಏನನ್ನೋ ಯೋಚಿಸುತ್ತಾರೆ. ಕುಣಿತಕ್ಕೆ ಮುಂಚಿನ ಏಕಾಗ್ರತೆ ಅಥವಾ ಕುಣಿತದ ನಂತರದ ಮೌನ ಇಲ್ಲಿಯ ವಿಷಯ. ಕುಣಿಯಲಿಕ್ಕೇ ಹುಟ್ಟಿದ ಜನ ಎಂಬ ಪೂರ್ವಗ್ರಹಕ್ಕೆ ಇದಕ್ಕಿಂತ ಮೆಲುದನಿಯ ಉತ್ತರವನ್ನು ಕೊಡುವುದು ಕಷ್ಟ. ಕುಣಿತ ಕಲಿಕೆಯಿಂದ ಬರುತ್ತದೆ; ಕಲಿಯುವವನಿಗೆ ಮನಸ್ಸೊಂದಿದೆ; ಆ ಮನಸ್ಸಿನಲ್ಲಿರುವುದನ್ನು ನಿಮಗೆ ಹೇಳಬೇಕಾದ ಋಣ ಅವನಿಗಿಲ್ಲ. ಇಷ್ಟನ್ನು ಆ ಚಿತ್ರಗಳು ಹೇಳುತ್ತವೆ. ಆದರೆ ಇಲ್ಲಿಯೂ ತೆತ್ತ ಬೆಲೆಯೊಂದಿದೆ. ಊರು, ಕಾಲ, ನೆರೆಹೊರೆಗಳಿಂದ ಬಿಡಿಸಿಕೊಂಡ ಈ ನರ್ತಕರು ಯಾರ ಭಾರವನ್ನೂ ಹೊರಬೇಕಾಗಿಲ್ಲ, ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲ. ಡರ್ಹಮ್ ಸಭಾಂಗಣದ ಬೆವರು ಮತ್ತು ಬೆಚ್ಚನೆಯ ಒಡನಾಟ ಇಲ್ಲಿ ಸಿಗದು. ಒಬ್ಬನಲ್ಲಿ ವ್ಯಕ್ತಿ ಸಮೂಹಕ್ಕೆ ಸಂದುಹೋದರೆ, ಇನ್ನೊಬ್ಬರಲ್ಲಿ ಸಮೂಹ ವ್ಯಕ್ತಿಗೆ ಸಂದುಹೋಗಿದೆ.

ಇದೇ ಪ್ರಶ್ನೆ ನಮ್ಮ ನಾಡಿನ ಒಬ್ಬ ಹಿರಿಯ ಚಿತ್ರಕಾರರ ಬದುಕಿನಲ್ಲಿಯೂ ಎದ್ದಿತ್ತು ಎಂಬುದನ್ನು ಓದುಗರಿಗೆ ನೆನಪಿಸುವುದು ಉಚಿತ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ಮುಂಬಯಿಯಲ್ಲಿ ನೆಲೆಸಿ, 1996ರಲ್ಲಿ ಕಾಲವಾದ ಕೃಷ್ಣ ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ, ಅನಂತರ ಪ್ಯಾರಿಸ್ಸಿನಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದವರು. ಅವರಿಗೆ ತಮ್ಮ ರೇಖೆಯಲ್ಲಿ ಲಯ ಸಾಲದೆನಿಸಿತು. ಪಂಡಿತ ಸುಂದರ ಪ್ರಸಾದರ ಬಳಿ ಸುಮಾರು ಎರಡು ವರ್ಷ ಕಥಕ್ ನೃತ್ಯವನ್ನು ಕಲಿತರು. ನರ್ತಕರಾಗುವ ಉದ್ದೇಶ ಅವರಿಗಿರಲಿಲ್ಲ. ಲಯವು ಕಾಲಿನಿಂದ ಕೈಗೆ ಏರಬೇಕಿತ್ತು. ಅದು ಏರಿತೆಂಬುದಕ್ಕೆ ಅವರ ರೇಖಾಚಿತ್ರಗಳೇ ಸಾಕ್ಷಿ. ‘ದ ಸಿಂಗಿಂಗ್ ಲೈನ್’ ಎಂದರೆ ಹಾಡುವ ರೇಖೆ ಎಂಬ ಹೆಸರಿನಲ್ಲಿ ಅವು ಪುಸ್ತಕವಾಗಿ ಪ್ರಕಟವಾಗಿವೆ. ಕೆಲವೇ ಗೆರೆಗಳಲ್ಲಿ ಒಂದು ಮೈಯ ಸುತ್ತು, ಒಂದು ಕಾಲಿನ ಎತ್ತುಗಡೆ ಅಲ್ಲಿ ಮೂಡುತ್ತವೆ.

ಮಾರ್ಕಂಡೇಯ ಮುನಿಯ ಆದೇಶವನ್ನು ಅಕ್ಷರಶಃ ಪಾಲಿಸಿದ ಆಧುನಿಕರು ಹೆಬ್ಬಾರರು. ಆದರೆ ಅವರ ಹಾಡುವ ರೇಖೆಯಲ್ಲಿ ನರ್ತಕರು ಯಾರು ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ನೃತ್ಯ ಉಳಿದು ನರ್ತಕನು ಮರೆಯಾಗುತ್ತಾನೆ. ಇದನ್ನು ದೋಷವೆಂದು ಹೇಳುತ್ತಿಲ್ಲ. ಹೆಬ್ಬಾರರು ಹುಡುಕಿದ್ದು ಲಯವನ್ನು. ಬಾರ್ನ್ಸ್ ಹುಡುಕಿದ್ದು ಲಯದಲ್ಲಿ ಮರಳಿ ಸಿಕ್ಕುವ ಮಾನವನ್ನು. ತನ್ನ ಮೈಯ ಮಾನವನ್ನು ಲೋಕ ಕಿತ್ತುಕೊಂಡಿರದಿದ್ದವನಿಗೆ ಅದನ್ನು ಹುಡುಕುವ ಅವಶ್ಯಕತೆ ಅಷ್ಟು ತೀವ್ರವಾಗಿ ಬರುವುದಿಲ್ಲ. ಇಬ್ಬರಿಗೂ ಸಮಾನವಾದದ್ದು ಒಂದು: ನೃತ್ಯವನ್ನು ಅವರು ಆಸನದಲ್ಲಿ ಕುಳಿತು ಕಲಿಯಲಿಲ್ಲ. ಒಬ್ಬರು ಗುರುವಿನ ಮುಂದೆ ಗೆಜ್ಜೆ ಕಟ್ಟಿದರು, ಇನ್ನೊಬ್ಬನು ಆಟದ ಬಯಲಿನಲ್ಲಿ ಮೈ ಒಡ್ಡಿದನು. ಅವರ ಗೆರೆಗೆ ಬಂದ ಅಧಿಕಾರ ಅಲ್ಲಿಂದ ಬಂದುದು.

2022ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಶುಗರ್ ಶ್ಯಾಕ್ ಚಿತ್ರದ 1976ರ ಪ್ರತಿ ಮಾರಾಟಕ್ಕೆ ಬಂತು. ಎರಡು ಲಕ್ಷ ಡಾಲರುಗಳವರೆಗೆ ಬೆಲೆ ಬರಬಹುದೆಂದು ಮೊದಲು ಅಂದಾಜು ಮಾಡಲಾಗಿತ್ತು. ಅದು ಒಂದೂವರೆ ಕೋಟಿ ಡಾಲರುಗಳಿಗೂ ಮೀರಿ, ಅಂದಾಜಿನ ಎಪ್ಪತ್ತಾರು ಪಟ್ಟು ಬೆಲೆಗೆ ಮಾರಾಟವಾಯಿತು. ಪತ್ರಿಕೆಗಳು ಇದನ್ನು ಕಲಾವಿದನಿಗೆ ತಡವಾಗಿ ಸಂದ ನ್ಯಾಯವೆಂದು ವರ್ಣಿಸಿದವು. ಅರ್ಧ ಶತಮಾನದ ಉಪೇಕ್ಷೆಗೆ ಒಂದು ಉತ್ತರ ಸಿಕ್ಕಿತೆಂದು ನಾವೂ ಸಂತೋಷಪಡಬಹುದು. ಆದರೆ ಚಿತ್ರಕ್ಕೆ ಹರಾಜಿನಿಂದ ಬೆಲೆ ಬಂತೆಂದು ತಿಳಿಯಬಾರದು. ಹರಾಜಿಗೆ ನಾಲ್ಕು ದಶಕಗಳ ಮೊದಲೇ ಸಾಮಾನ್ಯ ಜನ, ವಿದ್ವಾಂಸರ ಅಪ್ಪಣೆಗೆ ಕಾಯದೆ, ಅದರ ಅಗ್ಗದ ಮುದ್ರಿತ ಪ್ರತಿಗಳನ್ನು ತಮ್ಮ ಮನೆಯ ಗೋಡೆಗೆ ತೂಗುಹಾಕಿದ್ದರು. ಅಲ್ಲಿ ತಮ್ಮ ತಾಯಿಯನ್ನು, ಸೋದರಮಾವನನ್ನು ಗುರುತಿಸಿದ್ದರು. ಆ ಗುರುತಿಸುವಿಕೆಗೆ ಹೋಲಿಸಿದರೆ ಹರಾಜಿನ ಬೆಲೆ ದೊಡ್ಡದಲ್ಲ.

ಓದುಗರಿಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ನಮ್ಮ ಜಾತ್ರೆಗಳಲ್ಲಿ ವೀರಗಾಸೆಯವರು ಖಡ್ಗ ಹಿಡಿದು ಕುಣಿಯುವಾಗ ಇಂದು ಅವರ ಸುತ್ತ ಭಕ್ತರಿಗಿಂತ ಕ್ಯಾಮೆರಾಗಳೇ ಹೆಚ್ಚು. ತೆಗೆದ ಚಿತ್ರಗಳಲ್ಲಿ ಕೆಂಪು ಉಡುಪು ಸುಂದರವಾಗಿ ಬರುತ್ತದೆ, ರುದ್ರಾಕ್ಷಿ ಹೊಳೆಯುತ್ತದೆ. ಕುಣಿದವನು ಯಾರ ಮಗ, ವರ್ಷದ ಉಳಿದ ದಿನಗಳಲ್ಲಿ ಅವನ ಹೊಟ್ಟೆಪಾಡೇನು, ಕುಣಿಯುವಾಗ ಅವನಿಗೆ ಒಳಗೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ನಾವೂ ಡೆಗಾನ ಪರದೆಯ ಹಿಂದೆ ನಿಂತುಬಿಡುವ ಅಪಾಯ ಇಲ್ಲಿದೆ. ಮೆಚ್ಚುಗೆ ಒಳ್ಳೆಯದೇ; ಆದರೆ ವೇಷವನ್ನು ಮೆಚ್ಚಿ ಮನುಷ್ಯನನ್ನು ಮರೆತರೆ, ನಿಮ್ಮ ಜನ ಹೀಗೆ ಎಂದ ಆ ಸಂಗ್ರಹಾಲಯದ ವಿವರಣೆಗೂ ನಮ್ಮ ಮೆಚ್ಚುಗೆಗೂ ಅಂತರ ಹೆಚ್ಚು ಉಳಿಯುವುದಿಲ್ಲ.

ನೃತ್ಯದಲ್ಲಿ ತನ್ನತನವೆಂಬುದು ಹಣೆಗೆ ಅಂಟಿಸಿದ ಚೀಟಿಯಲ್ಲ. ಅದು ಕುಣಿಯುವಷ್ಟು ಹೊತ್ತು ಕುಣಿಯುವವನೇ ಮಾಡಿಕೊಳ್ಳುವ ಒಂದು ಕ್ರಿಯೆ. ಚಿತ್ರಕಾರನು ಅದನ್ನು ತನ್ನ ಮೈಯಲ್ಲಿ ಅರಿತು ಬರೆದರೆ ಚಿತ್ರ ಬದುಕುತ್ತದೆ. ಹೊರಗಿನಿಂದ ಕಂಡದ್ದನ್ನಷ್ಟೇ ಬರೆದರೆ, ಕೈಚಳಕ ಎಷ್ಟೇ ಇದ್ದರೂ, ಲೋಕವಿಟ್ಟ ಹೆಸರಿಗೆ ಬಣ್ಣ ಬಳಿದಂತಾಗುತ್ತದೆ. ಈ ದೃಷ್ಟಿಯಿಂದ, ಮುಖಗಳನ್ನು ಬೇರ್ಪಡಿಸಲಾರದ ಕೊರತೆಯ ನಡುವೆಯೂ, ಬಾರ್ನ್ಸ್‌ನ ಆ ಸಭಾಂಗಣವನ್ನು ಇಪ್ಪತ್ತನೆಯ ಶತಮಾನದ ಸಾರ್ಥಕ ಚಿತ್ರಗಳಲ್ಲಿ ಒಂದೆಂದು ನಾವು ಎಣಿಸುತ್ತೇವೆ. ಅದರ ಮುದ್ರಿತ ಪ್ರತಿ ಓದುಗರಿಗೆ ಎಲ್ಲಿಯಾದರೂ ದೊರೆತರೆ, ಮೊದಲು ಬಣ್ಣಗಳನ್ನು ನೋಡದೆ ಆ ಮುಚ್ಚಿದ ರೆಪ್ಪೆಗಳನ್ನು ನೋಡಿರಿ. ಅವು ನಿಮ್ಮಿಂದ ಚಪ್ಪಾಳೆಯನ್ನು ಕೇಳುತ್ತಿಲ್ಲ.